ಯಾವುದರ ಪೈಕಿ ಎಷ್ಟು? ಸಂಭವನೀಯತೆ, ಸಂಖ್ಯಾಶಾಸ್ತ್ರಗಳ ಬಗ್ಗೆ ಓದುಗರ ಪ್ರಶ್ನೆಗಳು

ಸಂಖ್ಯಾಶಾಸ್ತ್ರವನ್ನು ಹೊಸದಾಗಿ ಕಲಿಯುತ್ತಿರುವವರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ಸಂಶಯವನ್ನು ಹಲವರು ಕೇಳಿದ್ದಲ್ಲಿ ಅವನ್ನು ಒಟ್ಟುಗೂಡಿಸಿ ಒಂದೇ ಪ್ರಶ್ನೆಯಾಗಿ ಪ್ರಕಟಿಸಲಾಗಿದೆ.

ಪ್ರಶ್ನೆ: ನಾನು ಪದವಿಯ ಮೊದಲ ವರ್ಷದ ವಿದ್ಯಾರ್ಥಿನಿ. ಕ್ರಮಯೋಜನೆ (ಕ್ರಮವನ್ನೂ ಲೆಕ್ಕಿಸುವ ಎಣಿಕೆ), ವಿಕಲ್ಪ (ಕ್ರಮವನ್ನು ಲೆಕ್ಕಿಸದ ಎಣಿಕೆ), ಸಂಕಲನ ನಿಯಮ, ಗುಣಾಕಾರ ನಿಯಮ ಎಲ್ಲವೂ ಬಾಯಿಪಾಠವಾಗಿವೆ. ಬಿಡಿಸಿ ತೋರಿಸಿದ ಲೆಕ್ಕ ಅರ್ಥವಾಗುತ್ತದೆ; ಆದರೆ ಹೊಸ ಲೆಕ್ಕ ಎದುರಾದರೆ ಯಾವ ಸೂತ್ರ ಹಾಕಬೇಕೆಂದೇ ತೋಚುವುದಿಲ್ಲ. ಇನ್ನೂ ಹೆಚ್ಚು ಲೆಕ್ಕಗಳನ್ನು ಮಾಡಬೇಕೆ, ಅಥವಾ ಕಲಿಯುವ ರೀತಿಯನ್ನೇ ಬದಲಿಸಬೇಕೆ?

ಉತ್ತರ: ಲೆಕ್ಕಗಳ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಈ ತೊಡಕು ಬಿಡುವುದಿಲ್ಲ. ಸಂಭವನೀಯತೆಯ ಲೆಕ್ಕದಲ್ಲಿ ಸೂತ್ರ ಕೊನೆಗೆ ಬರುತ್ತದೆ. ಅದಕ್ಕೂ ಮೊದಲು, ನಡೆಯುತ್ತಿರುವ ಪ್ರಯೋಗ ಯಾವುದು, ಅದರಿಂದ ಬರಬಹುದಾದ ಎಲ್ಲ ಫಲಿತಗಳು ಯಾವುವು, ಅವೆಲ್ಲವೂ ಸಮಾನವಾಗಿ ಸಂಭವನೀಯವೇ ಎಂಬುದನ್ನು ಬಿಡಿಸಿ ಬರೆದುಕೊಳ್ಳಬೇಕು. ಅಂದರೆ ಭಿನ್ನರಾಶಿಯ ಛೇದದಲ್ಲಿ ಏನಿದೆ, ನಾವು ಯಾವುದರ ಪೈಕಿ ಎಣಿಸುತ್ತಿದ್ದೇವೆ ಎಂಬುದು ಮೊದಲು ಇತ್ಯರ್ಥವಾಗಬೇಕು. ತರಗತಿಯಲ್ಲಿ ಅಧ್ಯಾಪಕರು ಈ ಕೆಲಸವನ್ನು ಮನಸ್ಸಿನಲ್ಲೇ ಮುಗಿಸಿ ನೇರವಾಗಿ ಸೂತ್ರವನ್ನು ಹಲಗೆಯ ಮೇಲೆ ಬರೆಯುವುದು ಸಾಮಾನ್ಯವಾದ್ದರಿಂದ, ಬಿಡಿಸಿದ ಲೆಕ್ಕ ಸುಲಭವಾಗಿಯೂ ಹೊಸ ಲೆಕ್ಕ ದುರ್ಗಮವಾಗಿಯೂ ಕಾಣುತ್ತದೆ.

ಈ ಹೆಜ್ಜೆಯಲ್ಲಿ ಎಡವುವವರು ಹೊಸಬರು ಮಾತ್ರವಲ್ಲ. ಫ್ರಾನ್ಸಿನ ಹೆಸರಾಂತ ಗಣಿತಜ್ಞ ದಲಾಂಬೇರ್ 1754ರಲ್ಲಿ ಪ್ರಕಟವಾದ ವಿಶ್ವಕೋಶದ ಲೇಖನವೊಂದರಲ್ಲಿ, ನಾಣ್ಯವನ್ನು ಎರಡು ಬಾರಿ ಚಿಮ್ಮಿದಾಗ ಒಮ್ಮೆಯಾದರೂ ಶಿರ ಬೀಳುವ ಸಂಭವನೀಯತೆ 2/3 ಎಂದು ವಾದಿಸಿದರು. ಮೊದಲ ಸಲವೇ ಶಿರ ಬಿದ್ದರೆ ಆಟ ಅಲ್ಲಿಗೆ ಮುಗಿಯುತ್ತದೆ. ಇಲ್ಲವಾದರೆ ಪುಚ್ಛದ ನಂತರ ಶಿರ, ಅಥವಾ ಎರಡೂ ಸಲ ಪುಚ್ಛ. ಹೀಗೆ ಇರುವುದು ಮೂರೇ ಫಲಿತಗಳು, ಅವುಗಳಲ್ಲಿ ಎರಡು ಅನುಕೂಲಕರ ಎಂಬುದು ಅವರ ತರ್ಕವಾಗಿತ್ತು. ಮೂರು ಫಲಿತಗಳಿರುವುದು ನಿಜ, ಆದರೆ ಅವು ಸಮಾನವಲ್ಲ: ಮೊದಲನೆಯದರ ಸಂಭವನೀಯತೆ 1/2, ಉಳಿದೆರಡರದು ತಲಾ 1/4. ಆದ್ದರಿಂದ ಸರಿಯಾದ ಉತ್ತರ 3/4.

ಇದಕ್ಕೂ ಒಂದು ಶತಮಾನಕ್ಕೂ ಹಿಂದೆ ಗೆಲಿಲಿಯೋ ಮುಂದೆ ಬಂದಿದ್ದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಮೂರು ದಾಳಗಳನ್ನು ಎಸೆದಾಗ ಮೊತ್ತ 9 ಬರಲು ಆರು ಬಗೆಗಳಿವೆ, 10 ಬರಲೂ ಆರು ಬಗೆಗಳಿವೆ. ಹಾಗಿದ್ದರೂ ಜೂಜಾಡುವವರ ಅನುಭವದಲ್ಲಿ 10 ತುಸು ಹೆಚ್ಚಾಗಿ ಬೀಳುತ್ತದೆ, ಏಕೆ? ಉತ್ತರವನ್ನು ನೀವೇ ಕಾಗದದ ಮೇಲೆ ಬರೆದು ನೋಡಬಹುದು. 9ಕ್ಕೆ 1-2-6, 1-3-5, 1-4-4, 2-2-5, 2-3-4, 3-3-3 ಎಂಬ ಬಗೆಗಳು. 10ಕ್ಕೆ 1-3-6, 1-4-5, 2-2-6, 2-3-5, 2-4-4, 3-3-4. ಮೂರೂ ಅಂಕಿಗಳು ಬೇರೆ ಬೇರೆಯಾಗಿರುವ ಬಗೆ ಮೂರು ದಾಳಗಳ ಮೇಲೆ ಆರು ರೀತಿಯಲ್ಲಿ ಬೀಳಬಹುದು, ಎರಡು ಅಂಕಿಗಳು ಒಂದೇ ಆಗಿದ್ದರೆ ಮೂರು ರೀತಿಯಲ್ಲಿ, 3-3-3 ಒಂದೇ ರೀತಿಯಲ್ಲಿ. ಕೂಡಿದರೆ ಒಟ್ಟು 216 ಸಮಾನ ಫಲಿತಗಳ ಪೈಕಿ 9ಕ್ಕೆ 25, 10ಕ್ಕೆ 27. ಕ್ರಮಯೋಜನೆ ಎಲ್ಲಿ, ವಿಕಲ್ಪ ಎಲ್ಲಿ ಎಂಬ ನಿಮ್ಮ ಗೊಂದಲವೂ ಇದೇ ಜಾಗದಲ್ಲಿ ಹುಟ್ಟುತ್ತದೆ. ಈ ಒಂದು ಲೆಕ್ಕವನ್ನು ಸೂತ್ರದ ಹಂಗಿಲ್ಲದೆ ಕೈಯಿಂದ ಪೂರ್ತಿ ಬರೆದು ಮುಗಿಸಿದವರಿಗೆ ಆ ಎರಡರ ವ್ಯತ್ಯಾಸವನ್ನು ಮತ್ತೆ ಹೇಳಿಕೊಡಬೇಕಾಗುವುದಿಲ್ಲ ಎಂಬುದು ನನ್ನ ನಂಬಿಕೆ.

ಫಲಿತಗಳು ಬರೆಯಲಾಗದಷ್ಟು ಹೆಚ್ಚಿದ್ದರೆ ಸಂಖ್ಯೆಗಳನ್ನು ಚಿಕ್ಕದು ಮಾಡಿಕೊಳ್ಳಿ: ಐವತ್ತೆರಡು ಎಲೆಗಳ ಬದಲು ನಾಲ್ಕು ಎಲೆ, ಹತ್ತು ಜನರ ಬದಲು ಮೂರು ಜನ. ಚಿಕ್ಕ ಲೆಕ್ಕದ ಪಟ್ಟಿಯಲ್ಲಿ ಕಂಡ ಕ್ರಮವೇ ದೊಡ್ಡ ಲೆಕ್ಕದ ಸೂತ್ರವನ್ನು ಸೂಚಿಸುತ್ತದೆ. ‘ಒಮ್ಮೆಯಾದರೂ’, ‘ಕನಿಷ್ಠ ಒಂದು’ ಎಂಬ ಮಾತು ಬಂದಲ್ಲಿ ಪೂರಕ ಘಟನೆಯನ್ನು, ಅಂದರೆ ಒಮ್ಮೆಯೂ ಆಗದಿರುವುದನ್ನು, ಮೊದಲು ಎಣಿಸಿ. ಒಂದು ದಾಳವನ್ನು 4 ಸಲ ಎಸೆದಾಗ ಒಮ್ಮೆಯಾದರೂ ಆರು ಬೀಳುವ ಸಂಭವನೀಯತೆಯನ್ನು, 1ರಿಂದ 5/6ರ ನಾಲ್ಕನೆಯ ಘಾತವನ್ನು ಕಳೆದು ಪಡೆಯುತ್ತೇವೆ; ಅದು 671/1296, ಸುಮಾರು 51.8 ಶೇಕಡ. ಎರಡು ದಾಳಗಳನ್ನು 24 ಸಲ ಎಸೆದಾಗ ಒಮ್ಮೆಯಾದರೂ ಜೋಡಿ ಆರು ಬೀಳುವುದು ಸುಮಾರು 49.1 ಶೇಕಡ ಮಾತ್ರ. ಒಂದು ದಾಳಕ್ಕೆ 6 ಫಲಿತಗಳು, ಎರಡು ದಾಳಗಳಿಗೆ 36; 4ಕ್ಕೂ 6ಕ್ಕೂ ಇರುವ ಅನುಪಾತವೇ 24ಕ್ಕೂ 36ಕ್ಕೂ ಇರುವುದರಿಂದ ಎರಡೂ ಸಮಾನವಾಗಿರಬೇಕೆಂದು ಯಾರಿಗಾದರೂ ತೋರುತ್ತದೆ. ಫ್ರಾನ್ಸಿನ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಪರಸ್ಪರ ಬರೆದ ಪತ್ರಗಳಲ್ಲಿ ಜೂಜಿನ ಇಂಥ ಪ್ರಶ್ನೆಗಳನ್ನೇ ಕೈಗೆತ್ತಿಕೊಂಡಿದ್ದರು. ಈ ಶಾಸ್ತ್ರದ ಆರಂಭವನ್ನು ಸಾಮಾನ್ಯವಾಗಿ ಅಲ್ಲಿಂದಲೇ ಗುರುತಿಸುತ್ತಾರೆ.

ಪ್ರಶ್ನೆ: ಪರಸ್ಪರ ವರ್ಜಿತ ಘಟನೆಗಳು ಮತ್ತು ಸ್ವತಂತ್ರ ಘಟನೆಗಳು ಎರಡೂ ಒಂದೇ ಎಂಬಂತೆ ಕಾಣುತ್ತವೆ. ಎರಡರಲ್ಲೂ ಘಟನೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ ಎಂದೇ ಅಲ್ಲವೇ ಅರ್ಥ?

ಉತ್ತರ: ಅಲ್ಲ, ಅವು ಬಹುಮಟ್ಟಿಗೆ ವಿರುದ್ಧವಾದ ಸ್ಥಿತಿಗಳು. ಒಂದು ದಾಳವನ್ನು ಎಸೆದಾಗ ಸಮಸಂಖ್ಯೆ ಬೀಳುವುದು ಮತ್ತು ಬೆಸಸಂಖ್ಯೆ ಬೀಳುವುದು ಪರಸ್ಪರ ವರ್ಜಿತ. ಸಮಸಂಖ್ಯೆ ಬಿದ್ದಿದೆ ಎಂದು ಗೊತ್ತಾದೊಡನೆ ಬೆಸಸಂಖ್ಯೆಯ ಸಂಭವನೀಯತೆ 1/2ರಿಂದ ಸೊನ್ನೆಗೆ ಇಳಿಯುತ್ತದೆ. ಇದಕ್ಕಿಂತ ಗಾಢವಾದ ಸಂಬಂಧ ಇರಲಾರದು. ಇನ್ನು ‘ಸಮಸಂಖ್ಯೆ’ ಮತ್ತು ‘ಎರಡಕ್ಕಿಂತ ಹೆಚ್ಚಲ್ಲದ ಸಂಖ್ಯೆ’ ಎಂಬ ಘಟನೆಗಳನ್ನು ನೋಡಿ. ಎರಡನೆಯದರ ಸಂಭವನೀಯತೆ 2/6, ಅಂದರೆ 1/3. ಸಮಸಂಖ್ಯೆ ಬಿದ್ದಿದೆ ಎಂದು ತಿಳಿದ ಮೇಲೆ 2, 4, 6 ಎಂಬ ಮೂರರ ಪೈಕಿ ಎರಡಕ್ಕಿಂತ ಹೆಚ್ಚಲ್ಲದ್ದು ಒಂದೇ; ಆಗಲೂ 1/3. ಒಂದು ಸಂಗತಿ ತಿಳಿದದ್ದರಿಂದ ಇನ್ನೊಂದರ ಅಂದಾಜು ಬದಲಾಗಲಿಲ್ಲವಾದ್ದರಿಂದ ಇವು ಸ್ವತಂತ್ರ ಘಟನೆಗಳು. ಎರಡೂ ಒಟ್ಟಿಗೆ ಸಂಭವಿಸಬಲ್ಲವು ಎಂಬುದನ್ನೂ ಗಮನಿಸಿ.

ಎರಡು ಘಟನೆಗಳೂ ಸಂಭವಿಸುವ ಸಂಭವನೀಯತೆಯನ್ನು ಅವುಗಳ ಸಂಭವನೀಯತೆಗಳನ್ನು ನೇರವಾಗಿ ಗುಣಿಸಿ ಪಡೆಯಬಹುದಾದದ್ದು ಅವು ಸ್ವತಂತ್ರವಾಗಿದ್ದಾಗ. ಸ್ವಾತಂತ್ರ್ಯವನ್ನು ಪರೀಕ್ಷಿಸದೆ ಹೀಗೆ ಗುಣಿಸುವುದು ಪರೀಕ್ಷೆಯ ಅಂಕಗಳಿಗೆ ಮಾತ್ರ ಸಂಬಂಧಿಸಿದ ತಪ್ಪಲ್ಲ. ಬ್ರಿಟನ್ನಿನಲ್ಲಿ 1999ರಲ್ಲಿ ತಾಯಿಯೊಬ್ಬರು ತಮ್ಮ ಎರಡು ಹಸುಗೂಸುಗಳನ್ನು ಕೊಂದರೆಂಬ ಆರೋಪದ ವಿಚಾರಣೆ ನಡೆಯಿತು. ಅಂಥ ಕುಟುಂಬದಲ್ಲಿ ಒಂದು ಮಗು ಕಾರಣ ತಿಳಿಯದೆ ಹಠಾತ್ತನೆ ಸಾಯುವ ಸಂಭವ 8,543ರಲ್ಲಿ ಒಂದು ಎಂಬ ಅಂಕಿಯನ್ನು ಅದರಿಂದಲೇ ಗುಣಿಸಿ, ಎರಡು ಮಕ್ಕಳು ಹಾಗೆ ಸಾಯುವುದು ಸುಮಾರು 7.3 ಕೋಟಿಯಲ್ಲಿ ಒಂದು ಎಂದು ತಜ್ಞ ವೈದ್ಯರೊಬ್ಬರು ಸಾಕ್ಷ್ಯ ನುಡಿದರು. ಒಂದೇ ಮನೆಯ ಮಕ್ಕಳು ಅನುವಂಶೀಯತೆಯನ್ನೂ ಪರಿಸರವನ್ನೂ ಹಂಚಿಕೊಂಡಿರುವಾಗ ಎರಡು ಸಾವುಗಳನ್ನು ಸ್ವತಂತ್ರವೆಂದು ಭಾವಿಸಲು ಆಧಾರವೇ ಇರಲಿಲ್ಲ. ಅದರ ಜೊತೆಗೆ, ಇನ್ನೊಂದು ಕಡೆ ತೂಗಬೇಕಾದ ಸಂಗತಿ, ಅಂದರೆ ತಾಯಿಯೇ ಎರಡು ಮಕ್ಕಳನ್ನು ಕೊಲ್ಲುವುದೂ ಅತ್ಯಂತ ವಿರಳ ಎಂಬುದು, ಲೆಕ್ಕಕ್ಕೆ ಬರಲೇ ಇಲ್ಲ. 2001ರಲ್ಲಿ ಅಲ್ಲಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಈ ಗುಣಾಕಾರವನ್ನು ಬಹಿರಂಗವಾಗಿ ಆಕ್ಷೇಪಿಸಿತು. 2003ರಲ್ಲಿ, ಮುಖ್ಯವಾಗಿ ಮೊದಲು ಬೆಳಕಿಗೆ ಬಾರದಿದ್ದ ವೈದ್ಯಕೀಯ ವರದಿಯ ಆಧಾರದ ಮೇಲೆ, ಶಿಕ್ಷೆ ರದ್ದಾಯಿತು. ಅಷ್ಟು ಹೊತ್ತಿಗೆ ಆಕೆ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದರು. ಗುಣಾಕಾರ ನಿಯಮವನ್ನು ಕಲಿಸುವಾಗ ಈ ಪ್ರಕರಣವನ್ನು ಪ್ರತಿ ತರಗತಿಯಲ್ಲೂ ಚರ್ಚಿಸಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸತತವಾಗಿ ಐದು ಸಲ ಶಿರ ಬಿದ್ದ ಮೇಲೆ ಆರನೆಯ ಸಲ ಪುಚ್ಛ ಬೀಳುವ ಸಂಭವ ಹೆಚ್ಚು, ಇಲ್ಲವಾದರೆ ಕೊನೆಗೆ ಅರ್ಧ-ಅರ್ಧ ಆಗುವುದಾದರೂ ಹೇಗೆ ಎಂದು ಮಕ್ಕಳು ಕೇಳುತ್ತಾರೆ. ನಾಣ್ಯಕ್ಕೆ ನೆನಪಿಲ್ಲ ಎಂದು ಹೇಳಿದರೆ ಅವರಿಗೆ ಸಮಾಧಾನವಾಗುವುದಿಲ್ಲ.

ಉತ್ತರ: ಮಕ್ಕಳ ಪ್ರಶ್ನೆ ನ್ಯಾಯವಾದದ್ದು. ನಾಣ್ಯಕ್ಕೆ ನೆನಪಿಲ್ಲ ಎಂಬ ಮಾತು ಸತ್ಯವಾದರೂ, ನೆನಪಿಲ್ಲದ ನಾಣ್ಯ ಅರ್ಧಕ್ಕೆ ಹೇಗೆ ತಲುಪುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಗಣಿತಜ್ಞ ಯಾಕೋಬ್ ಬರ್ನೂಲಿ ಸಾಧಿಸಿದ, ಅವರ ಮರಣಾನಂತರ 1713ರಲ್ಲಿ ಪ್ರಕಟವಾದ ಬೃಹತ್ ಸಂಖ್ಯೆಗಳ ನಿಯಮ ಹೇಳುವುದು ಪ್ರಮಾಣದ ಬಗ್ಗೆಯೇ ಹೊರತು ಎಣಿಕೆಯ ಬಗ್ಗೆ ಅಲ್ಲ. ಶಿರಗಳ ಪ್ರಮಾಣ ಅರ್ಧಕ್ಕೆ ಹತ್ತಿರವಾಗುತ್ತಾ ಹೋಗುತ್ತದೆ. ಆದರೆ ಶಿರಗಳ ಎಣಿಕೆಗೂ ಅರ್ಧಕ್ಕೂ ಇರುವ ಅಂತರ ಸಾಮಾನ್ಯವಾಗಿ ಬೆಳೆಯುತ್ತಲೇ ಹೋಗುತ್ತದೆ. ಆ ಅಂತರದ ಮಾನಕ ವಿಚಲನೆ, ಅಂದರೆ ಅದು ಸಾಮಾನ್ಯವಾಗಿ ಎಷ್ಟು ಹರಡಿರುತ್ತದೆ ಎಂಬುದರ ಅಳತೆ, ಚಿಮ್ಮಿದ ಸಂಖ್ಯೆಯ ವರ್ಗಮೂಲದ ಅರ್ಧದಷ್ಟು. 100 ಸಲ ಚಿಮ್ಮಿದರೆ ಅದು 5. 10,000 ಸಲ ಚಿಮ್ಮಿದರೆ 50. ಹತ್ತು ಲಕ್ಷ ಸಲವಾದರೆ 500. ಇವನ್ನೇ ಒಟ್ಟು ಸಂಖ್ಯೆಯ ಶೇಕಡವಾಗಿ ಬರೆದರೆ ಕ್ರಮವಾಗಿ 5, 0.5, 0.05. ಎಣಿಕೆಯಲ್ಲಿ ಅಂತರ ನೂರು ಪಟ್ಟು ಹಿಗ್ಗಿದಾಗಲೂ ಶೇಕಡದಲ್ಲಿ ನೂರು ಪಟ್ಟು ಕುಗ್ಗಿದೆ. ಮೊದಲಿಗೆ ಬಿದ್ದ ಐದು ಶಿರಗಳನ್ನು ಯಾವ ಪುಚ್ಛಗಳೂ ಬಂದು ಸರಿದೂಗಿಸುವುದಿಲ್ಲ. ಮುಂದಿನ ಸಾವಿರಾರು ಫಲಿತಗಳ ನಡುವೆ ಆ ಐದಕ್ಕೆ ತೂಕವೇ ಉಳಿಯುವುದಿಲ್ಲ.

ಇದಕ್ಕೆ ದಾಖಲಾದ ಒಳ್ಳೆಯ ನಿದರ್ಶನವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನ ಬಂಧನ ಶಿಬಿರದಲ್ಲಿದ್ದ ಗಣಿತಜ್ಞ ಜಾನ್ ಕೆರಿಚ್ ನಾಣ್ಯವೊಂದನ್ನು 10,000 ಸಲ ಚಿಮ್ಮಿ ಫಲಿತಗಳನ್ನು ಬರೆದಿಟ್ಟರು. ಶಿರ ಬಿದ್ದದ್ದು 5,067 ಸಲ. ಅಂತರ 67, ಪ್ರಮಾಣ 50.67 ಶೇಕಡ. ಮೇಲಿನ ಲೆಕ್ಕದಲ್ಲಿ ನಿರೀಕ್ಷಿಸಿದ್ದಕ್ಕೆ ಇದು ಹೊಂದಿಕೊಳ್ಳುತ್ತದೆ. ಇದಕ್ಕೆ ವಿರುದ್ಧವಾದ ನಂಬಿಕೆಯ ಬೆಲೆ ಎಷ್ಟೆಂಬುದಕ್ಕೂ ಪ್ರಸಿದ್ಧ ಉದಾಹರಣೆ ಇದೆ: 1913ರಲ್ಲಿ ಮಾಂಟೆ ಕಾರ್ಲೋದ ಜೂಜುಗೃಹದಲ್ಲಿ ಚಕ್ರದ ಗುಂಡು ಸತತ 26 ಸಲ ಕಪ್ಪಿನ ಮೇಲೆ ನಿಂತಾಗ, ಇನ್ನು ಕೆಂಪೇ ಬರಬೇಕೆಂದು ಪಣ ಏರಿಸುತ್ತಾ ಹೋದವರು ಅಪಾರ ಹಣ ಕಳೆದುಕೊಂಡರು.

ತರಗತಿಯಲ್ಲಿ ನೀವು ಮಾಡಬಹುದಾದದ್ದು ಇಷ್ಟು. ಪ್ರತಿ ವಿದ್ಯಾರ್ಥಿಯೂ ನಾಣ್ಯವನ್ನು ಐವತ್ತು ಸಲ ಚಿಮ್ಮಿ ಫಲಿತಗಳನ್ನು ಅನುಕ್ರಮವಾಗಿ ಬರೆಯಲಿ. ಸತತ ಮೂರು ಶಿರ ಬಿದ್ದ ಕಡೆಗಳನ್ನೆಲ್ಲ ಗುರುತಿಸಿ, ಅವುಗಳ ಪೈಕಿ ಎಷ್ಟರ ಮುಂದೆ ಪುಚ್ಛ ಬಂದಿದೆ ಎಂದು ಇಡೀ ತರಗತಿಯದನ್ನು ಕೂಡಿಸಿ ಎಣಿಸಲಿ. ಒಬ್ಬೊಬ್ಬರ ಹಾಳೆಯಲ್ಲಿ ಏರುಪೇರು ಕಾಣಬಹುದು. ಎಲ್ಲರದನ್ನೂ ಕೂಡಿಸಿದಾಗ ಅದು ಅರ್ಧದ ಆಸುಪಾಸಿನಲ್ಲಿ ನಿಲ್ಲುವುದನ್ನು ಅವರೇ ಕಾಣುತ್ತಾರೆ.

ಪ್ರಶ್ನೆ: ಸಾವಿರಕ್ಕೆ ಒಬ್ಬರಲ್ಲಿ ಇರುವ ಕಾಯಿಲೆಯೊಂದಕ್ಕೆ ಪರೀಕ್ಷೆ ಇದೆ. ಕಾಯಿಲೆ ಇರುವ 100 ಜನರಲ್ಲಿ 99 ಮಂದಿಯನ್ನು ಅದು ಗುರುತಿಸುತ್ತದೆ; ಕಾಯಿಲೆ ಇಲ್ಲದ 100 ಜನರಲ್ಲಿ 5 ಮಂದಿಗೆ ಇದೆಯೆಂದು ತಪ್ಪಾಗಿ ತೋರಿಸುತ್ತದೆ. ಪರೀಕ್ಷೆಯಲ್ಲಿ ಕಾಯಿಲೆ ಇದೆ ಎಂದು ಬಂದವರಿಗೆ ಅದು ನಿಜವಾಗಿ ಇರುವ ಸಂಭವನೀಯತೆ ಬೇಯ್ಸ್ ಸೂತ್ರದ ಪ್ರಕಾರ 2 ಶೇಕಡಕ್ಕಿಂತ ಕಡಿಮೆ ಬರುತ್ತದೆ. ಲೆಕ್ಕ ಸರಿಯಾಗಿದ್ದರೂ ನಂಬಲಾಗುತ್ತಿಲ್ಲ.

ಉತ್ತರ: ಸೂತ್ರವನ್ನು ಬದಿಗಿಟ್ಟು ಜನರನ್ನು ಎಣಿಸಿ. ಒಂದು ಲಕ್ಷ ಜನರನ್ನು ಪರೀಕ್ಷಿಸಲಾಯಿತು ಎಂದುಕೊಳ್ಳೋಣ. ಕಾಯಿಲೆ ಇರುವವರು 100, ಅವರಲ್ಲಿ ಪರೀಕ್ಷೆ ಗುರುತಿಸುವುದು 99 ಮಂದಿಯನ್ನು. ಕಾಯಿಲೆ ಇಲ್ಲದವರು 99,900, ಅವರಲ್ಲಿ ತಪ್ಪಾಗಿ ಗುರುತಾಗುವವರು 4,995. ಹೀಗೆ ‘ಇದೆ’ ಎಂಬ ವರದಿ ಪಡೆದವರು ಒಟ್ಟು 5,094. ಅವರ ಪೈಕಿ ನಿಜವಾಗಿ ಕಾಯಿಲೆ ಇರುವವರು 99, ಅಂದರೆ ಸುಮಾರು 1.9 ಶೇಕಡ. ನಿಮ್ಮ ಮನಸ್ಸು ಒಪ್ಪದಿರುವುದಕ್ಕೆ ಕಾರಣ, 99 ಶೇಕಡ ಎಂಬುದು ಕಾಯಿಲೆ ಇರುವವರ ಪೈಕಿ ವರದಿ ಬಂದವರ ಪ್ರಮಾಣ. ನೀವು ಕೇಳುತ್ತಿರುವುದು ವರದಿ ಬಂದವರ ಪೈಕಿ ಕಾಯಿಲೆ ಇರುವವರ ಪ್ರಮಾಣ. ಅಂಶದಲ್ಲಿ ಅದೇ 99 ಜನ ಇದ್ದಾರೆ, ಛೇದ ಮಾತ್ರ 100ರಿಂದ 5,094ಕ್ಕೆ ಬದಲಾಗಿದೆ.

ಇದರಿಂದ ಪರೀಕ್ಷೆ ನಿರುಪಯುಕ್ತ ಎಂದು ಭಾವಿಸಬಾರದು. ಪರೀಕ್ಷೆಗೆ ಮೊದಲು ಸಾವಿರಕ್ಕೆ ಒಂದಾಗಿದ್ದ ಸಂಭವ ಈಗ ಸುಮಾರು 50ಕ್ಕೆ ಒಂದಾಗಿದೆ. ವರದಿ ಬಂದ 5,094 ಜನರನ್ನು ಮತ್ತೆ ಪರೀಕ್ಷಿಸಿದರೆ, ಎರಡನೆಯ ಪರೀಕ್ಷೆಯ ತಪ್ಪು ಮೊದಲನೆಯದರ ತಪ್ಪಿನಿಂದ ಸ್ವತಂತ್ರವಾಗಿದೆ ಎಂಬ ಷರತ್ತಿನ ಮೇಲೆ, ಎರಡೂ ಸಲ ‘ಇದೆ’ ಎಂದು ಬಂದವರಲ್ಲಿ ಸುಮಾರು 28 ಶೇಕಡ ಜನರಿಗೆ ಕಾಯಿಲೆ ಇರುತ್ತದೆ. ಹಾಗೆಯೇ, ರೋಗಲಕ್ಷಣ ಕಂಡು ವೈದ್ಯರ ಬಳಿಗೆ ಬಂದವರು ಬೇರೆಯೇ ಗುಂಪು. ಅಂಥವರಲ್ಲಿ ಹತ್ತಕ್ಕೆ ಒಬ್ಬರಿಗೆ ಕಾಯಿಲೆ ಇರುವುದಾದರೆ, ಅದೇ ಪರೀಕ್ಷೆಯ ‘ಇದೆ’ ಎಂಬ ವರದಿ ಸುಮಾರು 69 ಶೇಕಡ ನಿಜವಾಗುತ್ತದೆ. ಥಾಮಸ್ ಬೇಯ್ಸ್ ಅವರ ಪ್ರಬಂಧ ಪ್ರಕಟವಾದದ್ದು ಅವರು ತೀರಿಕೊಂಡ ಮೇಲೆ, 1763ರಲ್ಲಿ. ಅವರ ಹೆಸರಿನ ಸೂತ್ರ ಮಾಡುವುದೂ ಈ ಎಣಿಕೆಯನ್ನೇ. ಆದ್ದರಿಂದ ಸೂತ್ರ ಮರೆತಾಗ ಒಂದು ಲಕ್ಷ ಜನರನ್ನು ಕಲ್ಪಿಸಿಕೊಂಡು ಎಣಿಸುವುದರಲ್ಲಿ ಯಾವ ಕೊರತೆಯೂ ಇಲ್ಲ.

ಪ್ರಶ್ನೆ: ಮಾನಕ ವಿಚಲನೆಯಲ್ಲಿ ವರ್ಗ ಮಾಡುವುದೇಕೆ? ಕೆಲವೆಡೆ ಅಂಕಗಳ ಸಂಖ್ಯೆಯಿಂದಲೂ ಕೆಲವೆಡೆ ಅದಕ್ಕಿಂತ ಒಂದು ಕಡಿಮೆಯಿಂದಲೂ ಭಾಗಿಸುವುದೇಕೆ?

ಉತ್ತರ: 4, 6, 7, 8, 10 ಎಂಬ ಐದು ಸಂಖ್ಯೆಗಳನ್ನು ತೆಗೆದುಕೊಳ್ಳಿ. ಸರಾಸರಿ 7, ಸರಾಸರಿಯಿಂದ ವಿಚಲನೆಗಳು −3, −1, 0, 1, 3. ಇವುಗಳ ಮೊತ್ತ ಯಾವಾಗಲೂ ಸೊನ್ನೆಯಾಗುವುದರಿಂದ ಚಿಹ್ನೆಯನ್ನು ಹೇಗಾದರೂ ಕಳೆಯಬೇಕು. ಚಿಹ್ನೆಯನ್ನು ಸುಮ್ಮನೆ ಬಿಟ್ಟು ಸರಾಸರಿ ತೆಗೆದರೆ 1.6 ಬರುತ್ತದೆ, ಅದೂ ಹರಡಿಕೆಯ ಯೋಗ್ಯ ಅಳತೆಯೇ. ವರ್ಗಕ್ಕೆ ಮನ್ನಣೆ ಬರಲು ಮುಖ್ಯ ಕಾರಣ, ಸ್ವತಂತ್ರ ಚಲಕಗಳನ್ನು ಕೂಡಿದಾಗ ಅವುಗಳ ವಿಚಲನೆಯ ವರ್ಗಗಳ ಸರಾಸರಿಗಳೂ ನೇರವಾಗಿ ಕೂಡಿಕೊಳ್ಳುತ್ತವೆ. ನಾಣ್ಯದ ಉತ್ತರದಲ್ಲಿ ಕಂಡ ವರ್ಗಮೂಲ ಬಂದದ್ದು ಇದೇ ಗುಣದಿಂದ.

ಭಾಗಿಸುವ ವಿಷಯಕ್ಕೆ ಬಂದರೆ, ಇಲ್ಲಿಯೂ ಈ ಸಂಖ್ಯೆಗಳು ಯಾವುದರ ಪೈಕಿ ಎಂದು ಕೇಳಬೇಕು. ಈ ಐದೇ ನಿಮ್ಮ ಸಂಪೂರ್ಣ ಸಮೂಹವಾಗಿದ್ದರೆ, ವರ್ಗಗಳ ಮೊತ್ತವಾದ 20ನ್ನು 5ರಿಂದ ಭಾಗಿಸಿದರೆ 4, ಮಾನಕ ವಿಚಲನೆ 2. ಇವು ದೊಡ್ಡ ಸಮೂಹದಿಂದ ಆಯ್ದ ಮಾದರಿಯಾಗಿದ್ದರೆ ಸಮೂಹದ ನಿಜವಾದ ಸರಾಸರಿ ನಮಗೆ ಗೊತ್ತಿಲ್ಲ. ಮಾದರಿಯ ಸರಾಸರಿಯಿಂದಲೇ ಅಳೆಯುತ್ತಿದ್ದೇವೆ. ವರ್ಗಗಳ ಮೊತ್ತ ಅತ್ಯಂತ ಕಡಿಮೆಯಾಗುವುದು ಮಾದರಿಯ ಸರಾಸರಿಯಿಂದ ಅಳೆದಾಗಲೇ: 7ರಿಂದ ಅಳೆದರೆ 20, 8ರಿಂದ ಅಳೆದರೆ 25. ಹೀಗಾಗಿ ನಮ್ಮ ಅಳತೆ ಹರಡಿಕೆಯನ್ನು ಕಡಿಮೆ ತೋರಿಸುವ ಕಡೆಗೇ ವಾಲಿರುತ್ತದೆ. ಯಾದೃಚ್ಛಿಕ ಮಾದರಿಯಲ್ಲಿ, ಒಂದು ಕಡಿಮೆ ಮಾಡಿ ಭಾಗಿಸುವುದರಿಂದ ವರ್ಗಗಳ ಸರಾಸರಿಯ ಆ ವಾಲಿಕೆ ಸರಿಯಾಗುತ್ತದೆ. ಮಾದರಿ ದೊಡ್ಡದಾದಷ್ಟೂ ಈ ವ್ಯತ್ಯಾಸ ನಗಣ್ಯವಾಗುತ್ತದೆ.

ಪ್ರಶ್ನೆ: ಇದನ್ನು ಕಲಿಯಲು ಕಲನಶಾಸ್ತ್ರ ಬೇಕೇ ಬೇಕೆ?

ಉತ್ತರ: ಆರಂಭಕ್ಕೆ ಬೇಡ. ಭಿನ್ನರಾಶಿ, ಶೇಕಡ, ಗಣಗಳ ಸಂಕೇತ, ಸರಳ ಬೀಜಗಣಿತ ಸಾಕು. ಎತ್ತರ, ತೂಕಗಳಂಥ ಅವಿಚ್ಛಿನ್ನ ಚಲಕಗಳ ಸಂಭವನೀಯತೆಯನ್ನು ವಕ್ರರೇಖೆಯ ಕೆಳಗಿನ ವಿಸ್ತೀರ್ಣವಾಗಿ ಅಳೆಯುವ ಹಂತದಲ್ಲಿ ಕಲನಶಾಸ್ತ್ರದ ಭಾಗವಾದ ಅನುಕಲನ ಅನಿವಾರ್ಯವಾಗುತ್ತದೆ.

ಪ್ರಶ್ನೆ: ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಬಂದರೆ ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವ 5 ಶೇಕಡಕ್ಕಿಂತ ಕಡಿಮೆ ಎಂದು ಅರ್ಥ ಮಾಡಿಕೊಂಡಿದ್ದೇನೆ. ಇದು ಸರಿಯೇ?

ಉತ್ತರ: ಸರಿಯಲ್ಲ, ಆದರೆ ಬಹಳ ವ್ಯಾಪಕವಾದ ಗ್ರಹಿಕೆ. ಶೂನ್ಯ ಪ್ರಾಕ್ಕಲ್ಪನೆ ಎಂದರೆ ಯಾವ ಪರಿಣಾಮವೂ ಇಲ್ಲ ಎಂಬ ಊಹೆ; ಅದು ನಿಜವಾಗಿದ್ದರೆ, ಕಂಡಷ್ಟು ಅಥವಾ ಅದಕ್ಕಿಂತ ವಿಪರೀತವಾದ ಫಲಿತ ಬರುವ ಸಂಭವನೀಯತೆಯೇ ಪಿ-ಮೌಲ್ಯ. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಪಿ-ಮೌಲ್ಯದ ಬಗ್ಗೆಯೇ ಪ್ರತ್ಯೇಕ ಹೇಳಿಕೆ ಹೊರಡಿಸಿ ಈ ಅರ್ಥವನ್ನು ನಿರಾಕರಿಸಿತು. ನಾಣ್ಯವೊಂದನ್ನು 10 ಸಲ ಚಿಮ್ಮಿದಾಗ 9 ಸಲ ಶಿರ ಬಿತ್ತು ಎನ್ನಿ. ನಾಣ್ಯ ನಿಷ್ಪಕ್ಷಪಾತವಾಗಿದ್ದರೆ 9 ಅಥವಾ 10 ಶಿರ ಬೀಳುವ ಸಂಭವನೀಯತೆ 11/1024, ಸುಮಾರು 1.07 ಶೇಕಡ. ಶಿರದ ಕಡೆಗಿನ ವಾಲಿಕೆಯನ್ನಷ್ಟೇ ಪರೀಕ್ಷಿಸುವಾಗ ಇದೇ ಪಿ-ಮೌಲ್ಯ. ನಿಷ್ಪಕ್ಷಪಾತ ನಾಣ್ಯಗಳ ಪೈಕಿ ಎಷ್ಟು ಹೀಗೆ ವರ್ತಿಸುತ್ತವೆ ಎಂಬುದನ್ನು ಅದು ಹೇಳುತ್ತದೆ. ಹೀಗೆ ವರ್ತಿಸಿದ ನಾಣ್ಯಗಳ ಪೈಕಿ ಎಷ್ಟು ನಿಷ್ಪಕ್ಷಪಾತವಾದವು ಎಂಬುದನ್ನು ಹೇಳುವುದಿಲ್ಲ. 10,000 ನಾಣ್ಯಗಳಲ್ಲಿ ಒಂದು ಮಾತ್ರ ದೋಷಯುಕ್ತವಾಗಿದ್ದರೆ, ಉಳಿದ 9,999ರಲ್ಲಿ ಸುಮಾರು 107 ನಾಣ್ಯಗಳು ಆಕಸ್ಮಿಕವಾಗಿಯೇ 9 ಅಥವಾ ಹೆಚ್ಚು ಶಿರ ತೋರಿಸುತ್ತವೆ. ಅಂಥ ನಾಣ್ಯವೊಂದು ನಿಮ್ಮ ಕೈಗೆ ಬಂದರೆ ಅದು ನಿಷ್ಪಕ್ಷಪಾತ ನಾಣ್ಯವೇ ಆಗಿರುವ ಸಂಭವ 99 ಶೇಕಡಕ್ಕೂ ಹೆಚ್ಚು, ಪಿ-ಮೌಲ್ಯ ಇಷ್ಟು ಚಿಕ್ಕದಾಗಿದ್ದರೂ.

ಆದ್ದರಿಂದ ಪಿ-ಮೌಲ್ಯವನ್ನು ಓದುವಾಗ, ಆ ಪ್ರಾಕ್ಕಲ್ಪನೆಯ ಬಗ್ಗೆ ಪರೀಕ್ಷೆಗೆ ಮೊದಲೇ ಏನು ತಿಳಿದಿತ್ತು, ಮಾದರಿಯ ಗಾತ್ರ ಎಷ್ಟು, ಕಂಡ ವ್ಯತ್ಯಾಸದ ಪ್ರಮಾಣ ಎಷ್ಟು ಎಂಬುದನ್ನೂ ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಟ್ಟು ಎಷ್ಟು ಪರೀಕ್ಷೆಗಳನ್ನು ಮಾಡಿ ಅವುಗಳಲ್ಲಿ ಇದೊಂದನ್ನು ವರದಿ ಮಾಡಲಾಗಿದೆ ಎಂದು ವಿಚಾರಿಸಿ. ಯಾವ ಪರಿಣಾಮವೂ ಇಲ್ಲದ ಕಡೆ 20 ಸ್ವತಂತ್ರ ಪರೀಕ್ಷೆಗಳನ್ನು ಮಾಡಿದರೂ ಅವುಗಳಲ್ಲಿ ಕನಿಷ್ಠ ಒಂದರಲ್ಲಿ 0.05ಕ್ಕಿಂತ ಕಡಿಮೆ ಮೌಲ್ಯ ಬರುವ ಸಂಭವ ಸುಮಾರು 64 ಶೇಕಡ ಇರುತ್ತದೆ.